ದಾಳಿಂಬೆ ರಸದ ಬಾಟಲಿ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್: ಆಯುಕ್ತರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆಹಾರ ಸುರಕ್ಷತೆ ಮತ್ತು ಔಷಧ ಆಡಳಿತ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಹಣ್ಣಿನ ರಸಗಳನ್ನು ಪ್ರಾಸ್ಟೇಟ್ ಕ್ಯಾನ್ಸರಿಗೆ ಮದ್ದೆಂದು ಮಾರುತ್ತಿರುವ ಕುರಿತು.

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ದಾಳಿಂಬೆ ಬೆಳೆಯುವ ರೈತ. ದುಂಡಾಣು ಅಂಗಮಾರಿ ರೋಗ ಬಂದು ನಮ್ಮ ಭಾಗದ ತೋಟಗಳನ್ನು ಬುಡಸಮೇತ ಕೀಳಿಸಿದ ಕಾಲವನ್ನು ಕಂಡವನು, ಆಮೇಲೆ ಧೈರ್ಯ ಮಾಡಿ ಮತ್ತೆ ಭಗವಾ ತಳಿಯ ಸಸಿ ಹಚ್ಚಿದವರಲ್ಲಿ ಒಬ್ಬ. ದಾಳಿಂಬೆಗೆ ಹೆಸರು ಬಂದಷ್ಟೂ ನನಗೆ ಲಾಭವೇ. ಆದ್ದರಿಂದ ಹಣ್ಣಿನ ಮೇಲೆ ಮುನಿಸಿಕೊಂಡು ಬರೆದ ಪತ್ರ ಇದೆಂದು ದಯವಿಟ್ಟು ತಿಳಿಯಬೇಡಿ. ನಾವು ಬೆಳೆದ ಹಣ್ಣಿನ ಹೆಸರಿನಲ್ಲಿ ರೋಗಿಗಳಿಗೆ ಏನನ್ನು ಹೇಳಿ ಏನನ್ನು ಮಾರಲಾಗುತ್ತಿದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡ ಮೇಲೆ ಸುಮ್ಮನಿರುವುದು ಸರಿಯೆನಿಸಲಿಲ್ಲ.

ನನ್ನ ಅಣ್ಣನಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಹಳೆಯದು. ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುವುದು ವಯಸ್ಸಿನ ಗುಣ ಎಂದುಕೊಂಡು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಪರೀಕ್ಷೆ ಮಾಡಿಸುವ ಹೊತ್ತಿಗೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಗ್ರಂಥಿಯ ಹೊರಗೂ ಚಾಚಿತ್ತು. ರಕ್ತದಲ್ಲಿ ಪಿಎಸ್‌ಎ ಅಂಶ (ಪ್ರಾಸ್ಟೇಟ್ ಗ್ರಂಥಿ ಬಿಡುವ ಒಂದು ಪ್ರೋಟೀನು, ಈ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಏರುತ್ತದೆ) 90ರ ಆಸುಪಾಸಿನಲ್ಲಿತ್ತು. ಶಸ್ತ್ರಚಿಕಿತ್ಸೆಯ ಹಂತ ಮೀರಿದೆ, ಈ ಕ್ಯಾನ್ಸರಿಗೆ ಪುಷ್ಟಿ ಕೊಡುವ ಪುರುಷ ಹಾರ್ಮೋನನ್ನು ತಗ್ಗಿಸಲು ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳಿ ಎಂದು ವೈದ್ಯರು ಹೇಳಿದರು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಪಥ್ಯ ಏನು ಮಾಡಬೇಕು?" ವೈದ್ಯರು ಮುಂದಿನ ರೋಗಿಯ ಕಡತ ತೆರೆಯುತ್ತಲೇ "ಏನು ಬೇಕಾದರೂ ತಿನ್ನಿ" ಎಂದರು.

ಆ ಉತ್ತರದಲ್ಲಿ ತಪ್ಪಿಲ್ಲದಿರಬಹುದು. ಆದರೆ ನಮ್ಮ ಕಡೆಯ ಹಿರಿಯರಿಗೆ ಪಥ್ಯವಿಲ್ಲದ ಔಷಧವೆಂದರೆ ನಂಬಿಕೆ ಕೂರುವುದಿಲ್ಲ. ಜ್ವರಕ್ಕೆ ಗಂಜಿ, ಕಾಮಾಲೆಗೆ ಉಪ್ಪು ಎಣ್ಣೆ ಬಿಟ್ಟ ಊಟ, ಬಾಣಂತಿಗೆ ಬೆಳ್ಳುಳ್ಳಿ ಮೆಣಸಿನ ಸಾರು ಎಂದು ಬೆಳೆದವರಿಗೆ, ಇಷ್ಟು ದೊಡ್ಡ ಕಾಯಿಲೆಗೆ ಏನೂ ಪಥ್ಯವಿಲ್ಲ ಎಂದರೆ ವೈದ್ಯರು ಕೈ ಬಿಟ್ಟರೋ ಎಂಬ ಅನುಮಾನ ಬರುತ್ತದೆ. ಇಂಜೆಕ್ಷನ್ ಚುಚ್ಚುವವರು ಬೇರೆಯವರು. ತನ್ನ ಕೈಯಾರೆ ತಾನು ಮಾಡಿಕೊಳ್ಳಬಹುದಾದದ್ದು ಪಥ್ಯ ಒಂದೇ. ಆಸ್ಪತ್ರೆ ಖಾಲಿ ಬಿಟ್ಟ ಆ ಜಾಗಕ್ಕೆ ಬಾಟಲಿ ಹಿಡಿದವನು ಬಂದು ಕುಳಿತ.

ನಮ್ಮ ಭಾಗದ ಒಂದು ಕೃಷಿ ಮೇಳದಲ್ಲಿ, ಹನಿ ನೀರಾವರಿ ಪೈಪಿನ ಮಳಿಗೆಯ ಪಕ್ಕದಲ್ಲೇ ಆ ಮಳಿಗೆ ಇತ್ತು. ನಾನೂ ಅಣ್ಣನ ಜೊತೆಗಿದ್ದೆ. ಮೈಕಿನಲ್ಲಿ ಒಬ್ಬ ಯುವಕ "ಗಂಡಸರ ಕ್ಯಾನ್ಸರ್, ಮೂತ್ರದ ತೊಂದರೆ, ಪಿಎಸ್‌ಎ ಏರಿಕೆ, ಎಲ್ಲಕ್ಕೂ ಅಮೆರಿಕದಲ್ಲಿ ಸಾಬೀತಾದ ದಾಳಿಂಬೆ ರಸ" ಎಂದು ಕೂಗುತ್ತಿದ್ದ. ನಾನು ಬಾಟಲಿ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿದೆ: ನೀರು, ಸಕ್ಕರೆ, ದಾಳಿಂಬೆ ರಸದ ಸಾಂದ್ರ, ಆಮ್ಲೀಯತೆ ನಿಯಂತ್ರಕ 330, ಸಂರಕ್ಷಕ 211. ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಅಂದರೆ ಆ ಬಾಟಲಿಯಲ್ಲಿ ದಾಳಿಂಬೆಗಿಂತ ಸಕ್ಕರೆಯೇ ಮುಂದಿತ್ತು. ಒಂದು ಲೋಟ ನಿಜವಾದ ರಸ ಬೇಕೆಂದರೆ ಮಧ್ಯಮ ಗಾತ್ರದ ಎರಡು ಮೂರು ಹಣ್ಣು ಹಿಂಡಬೇಕು; ಅವರು ಹೇಳಿದ ಬೆಲೆಗೆ ಅಷ್ಟು ಹಣ್ಣನ್ನು ನಾನೇ ಕೊಡಲಾರೆ. ಇದನ್ನು ಕೇಳಿದ್ದಕ್ಕೆ ಯುವಕ ನಗುತ್ತ ಬಾಟಲಿಯ ಮೇಲಿನ 14 ಅಂಕಿಯ ಪರವಾನಗಿ ಸಂಖ್ಯೆಗೆ ಬೆರಳಿಟ್ಟು, "ನೋಡಿ ಯಜಮಾನರೇ, ಸರ್ಕಾರವೇ ಒಪ್ಪಿದೆ" ಎಂದ. ಅಣ್ಣ ಆರು ಬಾಟಲಿ ಕೊಂಡರು. ತಮ್ಮನ ಮಾತಿಗಿಂತ ಸರ್ಕಾರದ ಅಂಕಿಗೆ ಬೆಲೆ ಜಾಸ್ತಿಯಾಯಿತು.

ಮುಂದಿನದನ್ನು ತಾವು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ, ಮೋಸ ಹೇಗೆ ನಡೆಯುತ್ತದೆ ಎಂಬುದು ಇಲ್ಲೇ ಇದೆ. ಹಾರ್ಮೋನ್ ಇಂಜೆಕ್ಷನ್ ಕೊಟ್ಟ ಮೊದಲ ಕೆಲವೇ ತಿಂಗಳಲ್ಲಿ ಬಹುಪಾಲು ರೋಗಿಗಳ ಪಿಎಸ್‌ಎ ಇಳಿಯುತ್ತದೆ. ಅಣ್ಣನದೂ ಇಳಿದು 2ಕ್ಕಿಂತ ಕೆಳಗೆ ಬಂತು. ಅದೇ ತಿಂಗಳುಗಳಲ್ಲಿ ದಿನಕ್ಕೆರಡು ಲೋಟ ರಸವೂ ಒಳಗೆ ಹೋಗುತ್ತಿತ್ತು. ಇಂಜೆಕ್ಷನ್ ಮಾಡಿದ ಕೆಲಸದ ಕೀರ್ತಿ ಬಾಟಲಿಗೆ ಸಂದಿತು. ಫೋನಿನಲ್ಲಿ ವಿಚಾರಿಸಿದರೆ ಮಾರಾಟಗಾರರು, "ಇನ್ನು ಆ ಇಂಜೆಕ್ಷನ್ ಯಾಕೆ, ಅದರಿಂದಲೇ ನಿಮಗೆ ಮೈ ಬಿಸಿಯಾಗುವುದು, ನಿಶ್ಶಕ್ತಿ" ಎಂದರಂತೆ. ಮೈ ಬಿಸಿಯೇರಿ ಬೆವರುವುದು, ನಿಶ್ಶಕ್ತಿ ಇವೆರಡೂ ಆ ಇಂಜೆಕ್ಷನ್ನಿನ ನಿಜವಾದ ಅಡ್ಡ ಪರಿಣಾಮಗಳೇ. ಸುಳ್ಳಿನೊಳಗೆ ಇಂಥ ಒಂದು ಸತ್ಯ ಸೇರಿಸಿದರೆ ಯಾರಾದರೂ ನಂಬುತ್ತಾರೆ. ಅಣ್ಣ ಇಂಜೆಕ್ಷನ್ ಬಿಟ್ಟರು. ವಯಸ್ಸಾದವರಲ್ಲಿ ಇಂಜೆಕ್ಷನ್ ನಿಲ್ಲಿಸಿದ ಮೇಲೂ ಪುರುಷ ಹಾರ್ಮೋನು ಮತ್ತೆ ಏರಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಮುಂದಿನ ಪರೀಕ್ಷೆಯಲ್ಲೂ ಪಿಎಸ್‌ಎ ಕಡಿಮೆಯೇ ಇತ್ತು, ಬಾಟಲಿಯ ಮೇಲಿನ ನಂಬಿಕೆ ಕಲ್ಲಿನಷ್ಟು ಗಟ್ಟಿಯಾಯಿತು. ಸೊಂಟ ನೋವೆಂದು ಹಾಸಿಗೆ ಹಿಡಿದ ಮೇಲೆ ಸ್ಕ್ಯಾನ್ ಮಾಡಿಸಿದರೆ ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಊಟಕ್ಕೆ ಮುಂಚಿನ ಸಕ್ಕರೆ ಪ್ರಮಾಣ 300 ದಾಟಿತ್ತು. ಈಗ ವಿಕಿರಣ ಚಿಕಿತ್ಸೆ ಮುಗಿದಿದೆ, ಇಂಜೆಕ್ಷನ್ ಮತ್ತೆ ಶುರುವಾಗಿದೆ, ಕೋಲು ಹಿಡಿದು ಓಡಾಡುತ್ತಾರೆ.

ಇನ್ನು ಆ ಮಳಿಗೆಯವರ ಕರಪತ್ರದ ಮಾತು. "ಪಿಎಸ್‌ಎ ದುಪ್ಪಟ್ಟಾಗುವ ಅವಧಿ 15 ತಿಂಗಳಿಂದ 54 ತಿಂಗಳಿಗೆ ಏರಿಕೆ" ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಈ ಅವಧಿ ಉದ್ದವಾದಷ್ಟೂ ಕಾಯಿಲೆಯ ನಡಿಗೆ ನಿಧಾನ ಎಂದು ಲೆಕ್ಕ. ನಾನು ವಿಜ್ಞಾನ ಓದಿದವನಲ್ಲ; ಬೆಂಗಳೂರಿನಲ್ಲಿ ಔಷಧ ವಿಜ್ಞಾನ ಓದುತ್ತಿರುವ ಮಗಳಿಂದ ಆ ಪ್ರಬಂಧಗಳನ್ನು ತರಿಸಿ, ಅವಳಿಂದ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡೆ. ಆ ಅಂಕಿ ಸುಳ್ಳಲ್ಲ. 2006ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದ್ದು. ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ಮುಗಿಸಿ, ಆಮೇಲೆ ಪಿಎಸ್‌ಎ ಏರತೊಡಗಿದ 46 ಮಂದಿಗೆ ದಿನವೂ ಸುಮಾರು 240 ಮಿಲಿಲೀಟರ್ ದಾಳಿಂಬೆ ರಸ ಕೊಟ್ಟು ನೋಡಿದ್ದರು. ಚಿಕಿತ್ಸೆ ಬಿಡಿಸಿ ರಸ ಕುಡಿಸಿದ ಪ್ರಯೋಗ ಅದಲ್ಲ. ಜೊತೆಗೆ, ರಸ ಕುಡಿಯದ ಇನ್ನೊಂದು ಗುಂಪನ್ನು ಇಟ್ಟುಕೊಂಡು ಹೋಲಿಸಿ ನೋಡಿರಲಿಲ್ಲ.

ಹೋಲಿಕೆಯ ಗುಂಪು ಯಾಕೆ ಬೇಕು ಎಂಬುದಕ್ಕೆ ಉತ್ತರ ಅದೇ ಸಂಶೋಧಕರ ಮುಂದಾಳತ್ವದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿದೆ. ಈ ಬಾರಿ 183 ರೋಗಿಗಳು. ಕೆಲವರಿಗೆ ದಾಳಿಂಬೆ ರಸ, ಕೆಲವರಿಗೆ ದಾಳಿಂಬೆಯ ದ್ರವಸಾರ, ಉಳಿದವರಿಗೆ ಬಣ್ಣ ರುಚಿ ಹೊಂದಿಸಿದ ಹುಸಿ ಪಾನೀಯ. ಹುಸಿ ಪಾನೀಯ ಕುಡಿದವರಲ್ಲೂ ಪಿಎಸ್‌ಎ ದುಪ್ಪಟ್ಟಾಗುವ ಅವಧಿ 11.1 ತಿಂಗಳಿಂದ 15.6 ತಿಂಗಳಿಗೆ ಹಿಗ್ಗಿತು! ಸಾರ ಕುಡಿದವರಲ್ಲಿ 12.9ರಿಂದ 14.5, ರಸ ಕುಡಿದವರಲ್ಲಿ 12.7ರಿಂದ 20.3. ಮೂರು ಗುಂಪುಗಳ ನಡುವೆ ಲೆಕ್ಕಕ್ಕೆ ಹಿಡಿಯಬಹುದಾದ ವ್ಯತ್ಯಾಸ ಸಿಗಲಿಲ್ಲ. ಅಂದರೆ ಏನೂ ಕೊಡದಿದ್ದರೂ ಎಷ್ಟೋ ಜನರಲ್ಲಿ ಈ ಅಂಕಿ ತಾನಾಗಿಯೇ ನಿಧಾನಗೊಳ್ಳುತ್ತದೆ. ಮೊದಲ ಅಧ್ಯಯನದ ದೊಡ್ಡ ಜಿಗಿತದಲ್ಲಿ ಅದರ ಪಾಲು ಎಷ್ಟೆಂದು ಬೇರ್ಪಡಿಸಲು ದಾರಿಯೇ ಇರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮುಂದುವರಿದ ಹಂತದ ರೋಗಿಗಳಿಗೆ ನಾಲ್ಕು ವಾರ ದಿನಕ್ಕೆ ಅರ್ಧ ಲೀಟರ್ ದಾಳಿಂಬೆ ಪಾನೀಯ ಕೊಟ್ಟ ಅಧ್ಯಯನವೂ 2013ರಲ್ಲಿ ಬಂದಿದೆ. ಅಲ್ಲೂ ಪಿಎಸ್‌ಎ ಮೇಲೆ ಯಾವ ಪರಿಣಾಮವೂ ಕಾಣಲಿಲ್ಲ.

ಇನ್ನೊಂದು ಪಕ್ಷವನ್ನೂ ಹೇಳಿಬಿಡುತ್ತೇನೆ. ದಾಳಿಂಬೆ, ಹಸಿರು ಚಹಾ, ಬ್ರೊಕೊಲಿ, ಅರಿಶಿನ ಸೇರಿಸಿದ ಮಾತ್ರೆಯನ್ನು ಬ್ರಿಟನ್ನಿನಲ್ಲಿ 199 ಜನರ ಮೇಲೆ ಆರು ತಿಂಗಳು ಪರೀಕ್ಷಿಸಿ, ಪಿಎಸ್‌ಎ ಏರಿಕೆ ನಿಧಾನಗೊಂಡಿತೆಂದು 2014ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿ ಹೋಲಿಕೆಯ ಗುಂಪೂ ಇತ್ತು. ನಾಲ್ಕು ಪದಾರ್ಥಗಳಲ್ಲಿ ಕೆಲಸ ಮಾಡಿದ್ದು ಯಾವುದು, ಆಯಸ್ಸು ಹೆಚ್ಚಿತೇ ಎಂಬುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ. ಸಂಶೋಧನೆ ಮುಂದುವರಿಯಲಿ, ಯಾರು ಬೇಡವೆಂದರು? ನನ್ನ ತಕರಾರು ಇಷ್ಟೇ: 2006ರ ಅಂಕಿಯನ್ನು ಬಲ್ಲ ಕಂಪನಿಗೆ 2015ರ ಅಂಕಿ ಗೊತ್ತಿರದೆ ಇರಲು ಸಾಧ್ಯವಿಲ್ಲ. ಗೊತ್ತಿದ್ದೂ ಅರ್ಧ ಮುಚ್ಚಿಟ್ಟು ಅರ್ಧ ಅಚ್ಚು ಹಾಕಿಸಿದ್ದಾರೆ.

ಇದೇ ಅರ್ಧ ಸತ್ಯದ ವ್ಯಾಪಾರ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಪಾಮ್ ವಂಡರ್‌ಫುಲ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿ ಸ್ವತಃ ದಾಳಿಂಬೆ ತೋಟಗಳಿರುವ ಒಡೆಯರದು. ಒಂದರ್ಥದಲ್ಲಿ ನಮ್ಮ ಕುಲಬಾಂಧವರೇ. ಸಂಶೋಧನೆಗೆ 3.5 ಕೋಟಿ ಡಾಲರಿನಷ್ಟು ಸುರಿದಿದ್ದೇವೆ ಎಂದು ಹೇಳಿಕೊಂಡು, ತನ್ನ ರಸ ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ಮೊದಲಾದವಕ್ಕೆ ಒಳ್ಳೆಯದೆಂದು ಅದು ಜಾಹೀರಾತು ಕೊಟ್ಟಿತ್ತು. ದಾರಿತಪ್ಪಿಸುವ ವ್ಯಾಪಾರದ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ದೂರು ಹೂಡಿ, 2013ರಲ್ಲಿ ಆ ಜಾಹೀರಾತುಗಳು ದಾರಿತಪ್ಪಿಸುವಂಥವು ಎಂದು ತೀರ್ಪಿತ್ತಿತು. 2015ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿದು, ರೋಗದ ಹೆಸರು ಹೇಳಿ ಮಾರಬೇಕಾದರೆ ಹೋಲಿಕೆಯ ಗುಂಪಿರುವ ಸರಿಯಾದ ಒಂದು ಪ್ರಯೋಗವಾದರೂ ಕೈಯಲ್ಲಿರಬೇಕು ಎಂಬ ಷರತ್ತನ್ನು ಉಳಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಕೋಟ್ಯಂತರ ಡಾಲರ್ ಸಂಶೋಧನೆ ಬೆನ್ನಿಗಿದ್ದ ಕಂಪನಿಗೇ ಬಾಯಿ ಮುಚ್ಚಿಸಿದ ಮಾತನ್ನು ನಮ್ಮಲ್ಲಿ ಸಕ್ಕರೆ ನೀರು ಮಾರುವವನು ಮೈಕು ಹಿಡಿದು ಕೂಗುತ್ತಾನೆ.

ನಮ್ಮಲ್ಲಿ ಕಾನೂನಿಲ್ಲವೇ? ಇದೆ, ಅಮೆರಿಕದ ಈ ಗಲಾಟೆಗಿಂತ ಎಷ್ಟೋ ಹಳೆಯದು. 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಲ್ಲಿ, ಮದ್ದಿದೆಯೆಂದು ಜಾಹೀರಾತು ಕೊಡಬಾರದ ರೋಗಗಳ ಅನುಸೂಚಿಯಿದೆ; ಅದರಲ್ಲಿ ಕ್ಯಾನ್ಸರ್ ಹೆಸರು ಇದೆ. ಜಾಹೀರಾತು ಎಂಬುದಕ್ಕೆ ಆ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿ ಕರಪತ್ರ, ಲೇಬಲ್, ಹೊದಿಕೆ ಮಾತ್ರವಲ್ಲದೆ ಬಾಯಿಮಾತಿನ ಘೋಷಣೆ, ಬೆಳಕು, ಶಬ್ದ, ಕೊನೆಗೆ ಹೊಗೆಯ ಮೂಲಕ ಸಾರುವುದೂ ಸೇರಿದೆ. ಎಪ್ಪತ್ತು ವರ್ಷದ ಹಿಂದೆ ಹೊಗೆಯನ್ನೂ ಬಿಡದೆ ಯೋಚಿಸಿದ ಆ ಕರಡುಕಾರರಿಗೆ ನಮಸ್ಕಾರ. ಮೊದಲ ಅಪರಾಧಕ್ಕೇ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆಹಾರ ಪದಾರ್ಥವೊಂದು ರೋಗವನ್ನು ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವುದಕ್ಕೆ 2018ರ ಜಾಹೀರಾತು ಮತ್ತು ಪ್ರತಿಪಾದನೆಗಳ ನಿಯಮಾವಳಿಯೂ ಅಡ್ಡಿಯಾಗಿದೆ. ಸಾಂದ್ರಕ್ಕೆ ನೀರು ಬೆರೆಸಿದ್ದನ್ನು "ಶೇ. 100 ಹಣ್ಣಿನ ರಸ" ಎಂದು ಕರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಿತು.

ಮಾರಾಟಗಾರರು ನುಸುಳುವ ಸಂದಿ ಯಾವುದೆಂದರೆ, ಔಷಧದ ಅಧಿಕಾರಿ ಬಂದರೆ "ಇದು ಆಹಾರ" ಎನ್ನುತ್ತಾರೆ, ರೋಗಿ ಬಂದರೆ "ಇದೇ ಔಷಧ" ಎನ್ನುತ್ತಾರೆ. ಆಹಾರ ಮತ್ತು ಔಷಧ ಬೇರೆ ಬೇರೆ ಇಲಾಖೆಗಳಾಗಿದ್ದಾಗ ಈ ಆಟ ನಡೆಯುತ್ತಿತ್ತು. ಈಗ ಎರಡೂ ತಮ್ಮ ಒಂದೇ ಮೇಜಿನ ಮುಂದೆ ಬಂದಿವೆ. ಈ ಪತ್ರವನ್ನು ಸಚಿವರಿಗೆ ಬರೆಯದೆ ತಮಗೆ ಬರೆಯುತ್ತಿರುವುದಕ್ಕೆ ಕಾರಣ ಅದೇ.

ದಾಳಿಂಬೆಯೊಂದರ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ. ಲಕ್ಷ್ಮಣಫಲದ ಹಾವಳಿ ಇನ್ನೂ ಜೋರು. "ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ" ಎಂಬ ವಾಟ್ಸ್ಆ್ಯಪ್ ಸಂದೇಶ ಬಾರದ ಮೊಬೈಲ್ ಕರ್ನಾಟಕದಲ್ಲಿ ಇದ್ದರೆ ತೋರಿಸಿ. ಆ 10,000ದ ಮೂಲ 1996ರ ಒಂದು ಪ್ರಯೋಗಾಲಯದ ವರದಿ. ಹಣ್ಣಿನ ತಿರುಳಿನಿಂದಲ್ಲ, ಬೀಜದಿಂದ ಬೇರ್ಪಡಿಸಿದ ಒಂದು ರಾಸಾಯನಿಕವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಒಂದು ಕೀಮೋ ಔಷಧದೊಂದಿಗೆ ಹೋಲಿಸಿದ್ದರು. ಅದರಲ್ಲಿ ಮನುಷ್ಯರೂ ಇಲ್ಲ, ಜ್ಯೂಸೂ ಇಲ್ಲ. ಈ ಜಾತಿಯ ಹಣ್ಣು, ಕಷಾಯ ಹೆಚ್ಚಾಗಿ ಬಳಸುವ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ ನರರೋಗಕ್ಕೂ ಅದಕ್ಕೂ ನಂಟಿರಬಹುದೆಂಬ ಶಂಕೆಯನ್ನು 1999ರಲ್ಲೇ ವೈದ್ಯರು ಎತ್ತಿದ್ದಾರೆ. ಆ ಸಂದೇಶ ಮಾತ್ರ ಯಾರ ಮೊಬೈಲಿಗೂ ಬರಲಿಲ್ಲ.

ಹಣ್ಣಿನ ರಸದಿಂದ ಏನಾಗುತ್ತದೆ ಮಹಾ ಎನ್ನುವವರಿಗೆ ಎರಡು ಮಾತು. ಏನೂ ಬೆರೆಸದ ದಾಳಿಂಬೆ ರಸದಲ್ಲೇ ಒಂದು ಲೋಟಕ್ಕೆ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಏಳು ಚಮಚ. ಹಾರ್ಮೋನ್ ಚಿಕಿತ್ಸೆಯೇ ತೂಕ ಹೆಚ್ಚಿಸಿ ಸಕ್ಕರೆ ಕಾಯಿಲೆಗೆ ದಾರಿ ಮಾಡುವಂಥದ್ದು. ಅದರ ಮೇಲೆ ದಿನಕ್ಕೆರಡು ಲೋಟವೆಂದರೆ ಬೆಂಕಿಗೆ ತುಪ್ಪ. ಒಂದು ಲೋಟದಲ್ಲಿ 500 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ ಕೂಡ ಇದೆ. ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿಕೊಂಡು ಮೂತ್ರಪಿಂಡ ಸೋತವರಿಗೆ ಅದೂ ಅಪಾಯವೇ. ಕರಾವಳಿ ಮಲೆನಾಡಿನ ಹಿತ್ತಿಲುಗಳ, ಸ್ಟಾರ್ ಫ್ರೂಟ್ ಎನ್ನುವ ಧಾರೆಹುಳಿಯಂತೂ ಮೂತ್ರಪಿಂಡದ ತೊಂದರೆ ಇರುವವರಿಗೆ ಜೀವಕ್ಕೇ ಎರವಾಗಬಹುದು. ಇನ್ನು ಗ್ರೇಪ್‌ಫ್ರೂಟ್ ರಸ ಕೆಲವು ಕೊಲೆಸ್ಟ್ರಾಲ್ ಮಾತ್ರೆ, ರಕ್ತದೊತ್ತಡದ ಮಾತ್ರೆಗಳನ್ನು ರಕ್ತದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಉಳಿಸಿಬಿಡುತ್ತದೆ ಎಂಬುದು ದಶಕಗಳಿಂದ ತಿಳಿದ ಸಂಗತಿ. ಅದರ ಹತ್ತಿರದ ಬಂಧು ನಮ್ಮ ಚಕ್ಕೋತ; ಅದರಲ್ಲೂ ಅದೇ ಬಗೆಯ ಅಂಶಗಳಿವೆ. ಪ್ರಾಸ್ಟೇಟ್ ಕ್ಯಾನ್ಸರ್ ಬರುವ ವಯಸ್ಸಿನ ಗಂಡಸರಲ್ಲಿ ಆ ಮಾತ್ರೆ ನುಂಗದವರು ಎಷ್ಟು ಮಂದಿ ಸಿಕ್ಕಾರು?

ಹಾಗಾದರೆ ರೋಗಿ ಹಣ್ಣು ತಿನ್ನಬಾರದೇ? ತಿನ್ನಲಿ, ಹಣ್ಣನ್ನೇ ತಿನ್ನಲಿ. ರಸಕ್ಕಿಂತ ಇಡೀ ಹಣ್ಣು ಮೇಲು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲೂ ಹೇಳಿದೆ. ಬಾಯಿ ರುಚಿ ಕೆಟ್ಟು ಅನ್ನ ಸೇರದ ದಿನ ಅರ್ಧ ಲೋಟ ತಾಜಾ ರಸ ಒಳಗೆ ಹೋದರೆ ಅದೂ ಒಂದು ಆಸರೆಯೇ, ಸಕ್ಕರೆ ಮತ್ತು ಮೂತ್ರಪಿಂಡ ಎರಡೂ ಹಿಡಿತದಲ್ಲಿದ್ದರೆ. ಚಿಕಿತ್ಸೆಯ ಜೊತೆಗೆ, ವೈದ್ಯರಿಗೆ ತಿಳಿಸಿ ಕುಡಿಯುವ ಲೋಟದ ಬಗ್ಗೆ ನನ್ನ ತಕರಾರಿಲ್ಲ.

ಇನ್ನು ನನ್ನ ಬೇಡಿಕೆಗಳು. ಕೃಷಿ ಮೇಳ, ಜಾತ್ರೆ, ಆರೋಗ್ಯ ಮೇಳಗಳಲ್ಲಿ ಮಳಿಗೆ ಹಂಚುವ ಮುನ್ನ ರೋಗದ ಹೆಸರು ಹೇಳಿ ಆಹಾರ ಮಾರುವುದಿಲ್ಲವೆಂಬ ಮುಚ್ಚಳಿಕೆಯನ್ನು ಸಂಘಟಕರು ಬರೆಸಿಕೊಳ್ಳುವಂತೆ ತಾವು ಸುತ್ತೋಲೆ ಹೊರಡಿಸಬೇಕು. ಮೇಳ ನಡೆಯುವ ದಿನಗಳಲ್ಲೇ ಆಹಾರ ಸುರಕ್ಷತಾಧಿಕಾರಿ ಮತ್ತು ಔಷಧ ನಿರೀಕ್ಷಕರು ಜೊತೆಯಾಗಿ ಬಂದು ತಪಾಸಣೆ ಮಾಡಲಿ; ಮಳಿಗೆ ಕಿತ್ತು ಹೋದ ಮೇಲೆ ಮಾದರಿ ಸಂಗ್ರಹಿಸಲು ಬಂದರೆ ಪ್ರಯೋಜನವಿಲ್ಲ. 14 ಅಂಕಿಯ ಸಂಖ್ಯೆ ಆಹಾರ ವ್ಯಾಪಾರದ ಪರವಾನಗಿ ಮಾತ್ರ, ರೋಗ ವಾಸಿಯಾಗುತ್ತದೆ ಎಂಬುದಕ್ಕೆ ಸರ್ಕಾರದ ಒಪ್ಪಿಗೆಯಲ್ಲ ಎಂಬುದನ್ನು ಕನ್ನಡ ಪತ್ರಿಕೆಗಳಲ್ಲಿ, ಆಕಾಶವಾಣಿಯಲ್ಲಿ ಮತ್ತೆ ಮತ್ತೆ ಸಾರಿಸಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಇಂಥ ಜಾಹೀರಾತನ್ನು ನೇರವಾಗಿ ತಮ್ಮ ಇಲಾಖೆಗೆ ಕಳುಹಿಸಲು ಒಂದು ಸಂಖ್ಯೆಯನ್ನೂ ಕೊಡಿ.

ಎಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಪಥ್ಯದ ಚೀಟಿ. ಆರೋಗ್ಯ ಇಲಾಖೆಯ ಜೊತೆಗೂಡಿ, ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಯ ತಜ್ಞರಿಂದ ಬರೆಸಿ, ರಾಜ್ಯದ ಎಲ್ಲ ಕ್ಯಾನ್ಸರ್ ಘಟಕಗಳಲ್ಲಿ ಒಂದು ಪುಟದ ಕನ್ನಡ ಚೀಟಿ ಸಿಗುವಂತೆ ಮಾಡಿ. ಯಾವ ಹಣ್ಣು ಎಷ್ಟು, ಯಾವ ರಸ ಯಾವ ಮಾತ್ರೆಯ ಜೊತೆ ಬೇಡ, ಸಕ್ಕರೆ ಕಾಯಿಲೆ ಇದ್ದರೆ ಏನು, ದಿನಕ್ಕೆಷ್ಟು ನಡೆಯಬೇಕು, ಮೂಳೆ ಗಟ್ಟಿಯಿಡಲು ಏನು ತಿನ್ನಬೇಕು, ಇಷ್ಟಿದ್ದರೆ ಸಾಕು. ಕೊನೆಯ ಸಾಲಿನಲ್ಲಿ, ಯಾರು ಏನೇ ಹೇಳಿದರೂ ಕೇಳದೆ ಇಂಜೆಕ್ಷನ್ ಬಿಡಬೇಡಿ ಎಂದು ಬರೆಸಿ. ವೈದ್ಯರಿಗೆ ಮಾತನಾಡಲು ಪುರುಸೊತ್ತಿಲ್ಲದಿದ್ದರೂ ಚೀಟಿ ಕೈಗಿಡಲು ಪುರುಸೊತ್ತು ಸಿಗುತ್ತದೆ.

ನನ್ನ ಜೊತೆಯ ಬೆಳೆಗಾರರಲ್ಲೂ ಒಂದು ವಿನಂತಿ. "ಕ್ಯಾನ್ಸರಿಗೆ ರಾಮಬಾಣ" ಎಂಬ ಸಂದೇಶವನ್ನು ದರ ಏರುತ್ತದೆಂಬ ಆಸೆಗೆ ನಮ್ಮ ಗುಂಪುಗಳಲ್ಲೇ ದಿನವೂ ದಾಟಿಸುತ್ತಿದ್ದೇವೆ. ಸಾಂದ್ರ ಬೆರೆಸಿದ ಬಾಟಲಿ ಮಾರಾಟವಾದರೆ ನಮ್ಮ ಕ್ರೇಟಿಗೆ ಒಂದು ರೂಪಾಯಿಯೂ ಹೆಚ್ಚಿಗೆ ಬರುವುದಿಲ್ಲ. ನಾಳೆ ಜನ ಮೋಸ ಹೋದೆವೆಂದು ತಿರುಗಿಬಿದ್ದರೆ ಬೈಗುಳ ಮಾತ್ರ ನಮ್ಮ ಹಣ್ಣಿನ ಪಾಲಿಗೇ ಬರುತ್ತದೆ.

ಆಯುಕ್ತರೇ, ಕಂಪನಿಯ ಹೆಸರನ್ನು ಈ ಬಹಿರಂಗ ಪತ್ರದಲ್ಲಿ ಬರೆದಿಲ್ಲ. ಕರಪತ್ರದ ಪ್ರತಿ, ಒಡೆಯದ ಒಂದು ಬಾಟಲಿ ಮತ್ತು ಖರೀದಿಯ ರಸೀದಿಯನ್ನು ಪ್ರತ್ಯೇಕ ದೂರಿನೊಂದಿಗೆ ತಮ್ಮ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ. ಹೇಳಿಕೆ ಕೊಡಲು ನಾನೂ ಅಣ್ಣನೂ ಕರೆದಲ್ಲಿಗೆ ಬರಲು ಸಿದ್ಧ. ಕೊಯ್ಲಿನ ವಾರ ಒಂದನ್ನು ಬಿಟ್ಟು ಯಾವ ದಿನವಾದರೂ ಸರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದಾಳಿಂಬೆ ಬೆಳೆಗಾರ,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ